ಶೂ ಒದ್ದೆಯಾದರೆ ಆಗಲಿ ಬಿಡಿ

ಹಿಮಾಚಲದ ಹಂಪ್ಟಾ ಪಾಸ್ ಎಂಬ ಬೆಟ್ಟದ ಕಣಿವೆದಾರಿಗೆ ಜನರನ್ನು ಟ್ರೆಕ್ ಕರೆದುಕೊಂಡು ಹೋಗುವುದು ನನ್ನ ಕೆಲಸ. 4,270 ಮೀಟರ್ ಎತ್ತರಕ್ಕೆ ಹತ್ತುವಾಗ ಯಾರೂ ವಾದ ಮಾಡುವುದಿಲ್ಲ, ಉಸಿರಿರುವುದಿಲ್ಲ. ವಾದ ಶುರುವಾಗುವುದು ಮರುದಿನ ಬೆಳಗ್ಗೆ, ಶಿಯಾಗೋರು ಹೊಳೆಯ ದಡದಲ್ಲಿ. "ಸಾರ್, ಮಂಡಿವರೆಗೂ ನೀರಿಲ್ಲ. ಬರಿಗಾಲಲ್ಲೇ ದಾಟ್ತೀನಿ, ಶೂ ಹೊಸದು."

ಅದು ಈಗಷ್ಟೇ ಕರಗಿದ ಹಿಮದ ನೀರು. ಇಳಿದ ಕೂಡಲೇ ಕಾಲು ಉರಿಯುತ್ತದೆ, ಆಮೇಲೆ ಮೂಳೆಯೇ ನೋಯುತ್ತದೆ, ಆಮೇಲೆ ಏನೂ ಇಲ್ಲ. ನೋವು ಹೋಯ್ತು ಅಂತ ಅವರಿಗೆ ಖುಷಿ. ನನಗೆ ಭಯ ಹತ್ತುವುದೇ ಆಗ. ಮರಗಟ್ಟಿದ ಪಾದಕ್ಕೆ ಕೆಳಗಿನ ಕಲ್ಲು ಅಲುಗಾಡುತ್ತಿರುವುದು ತಿಳಿಯುವುದಿಲ್ಲ. ಬೆರಳು ಸಂದಿಗೆ ಸಿಕ್ಕಿದ್ದೂ ತಿಳಿಯುವುದಿಲ್ಲ. ನಾನೂ ಮಲೆನಾಡಿನ ಹಳ್ಳದಲ್ಲಿ ಬರಿಗಾಲಲ್ಲಿ ಆಡಿ ಬೆಳೆದವನೇ. ಅಲ್ಲಿ ಕಾಲಿಗೆ ಕಣ್ಣಿರುತ್ತದೆ. ಇಲ್ಲಿ ಎರಡೇ ನಿಮಿಷಕ್ಕೆ ಕುರುಡು.

ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ತನ್ನಿ. ಹವಾಯಿ ಚಪ್ಪಲಿ ಬೇಡ, ಅದು ನಿಮಗಿಂತ ಮೊದಲು ಚಂದ್ರಾ ನದಿ ಸೇರುತ್ತದೆ. ಸ್ಯಾಂಡಲ್ ಇಲ್ಲವೇ? ಸಾಕ್ಸ್, ಇನ್‌ಸೋಲ್ ತೆಗೆದು ಬ್ಯಾಗಿಗೆ ಹಾಕಿ, ಬರೀ ಶೂನಲ್ಲೇ ಇಳಿಯಿರಿ. ಆಚೆ ದಡದಲ್ಲಿ ನೀರು ಚೆಲ್ಲಿ, ಪಾದ ಚೆನ್ನಾಗಿ ಉಜ್ಜಿ ಒರೆಸಿ, ಒಣ ಸಾಕ್ಸ್ ಹಾಕಿ. "ನಂದು ವಾಟರ್‌ಪ್ರೂಫ್ ಸಾರ್" ಅನ್ನುತ್ತಾರೆ. ಮೇಲಿಂದ ನುಗ್ಗಿದ ನೀರನ್ನು ಅದು ಹೊರಗೂ ಬಿಡುವುದಿಲ್ಲ, ಅಲ್ವಾ?

ಇದೆಲ್ಲ ಮಂಡಿಗಿಂತ ಕೆಳಗಿನ ನೀರಿಗೆ ಮಾತ್ರ. ಬ್ಯಾಗಿನ ಸೊಂಟದ ಬೆಲ್ಟ್ ಬಿಚ್ಚಿಯೇ ಇಳಿಯಬೇಕು; ಬಿದ್ದರೆ ಬ್ಯಾಗ್ ಹೋಗಲಿ, ನೀವು ಉಳಿಯಿರಿ. ನೀರು ಮಂಡಿ ದಾಟಿ ಸೆಳವೂ ಜೋರಾಗಿದ್ದರೆ ನಾನಂತೂ ಯಾರನ್ನೂ ಇಳಿಸುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ಹೊಳೆ ಏರುತ್ತದೆ, ರಾತ್ರಿ ಕಳೆದರೆ ಸಾಮಾನ್ಯವಾಗಿ ಇಳಿಯುತ್ತದೆ. ಕಾಯಬೇಕು. ಆಫೀಸಿಗೆ ರಜೆ ಮುಗಿಯಿತು ಅನ್ನುವುದು ಹೊಳೆಗೆ ಗೊತ್ತಿಲ್ಲ.

ಒಮ್ಮೆ ಬೆಂಗಳೂರಿನವರೊಬ್ಬರು, ಬಹಳ ಒಳ್ಳೆಯ ಮನುಷ್ಯ, ನಾನು ಇನ್ನೊಬ್ಬರ ಕೈ ಹಿಡಿದಿದ್ದಾಗ ಶೂ ನೆನೆಯಬಾರದು ಅಂತ ಎರಡನ್ನೂ ಆಚೆ ದಡಕ್ಕೆ ಎಸೆದರು. ಎಡಗಾಲಿನದು ದಡ ಮುಟ್ಟಿತು. ಬಲಗಾಲಿನದು ಕಣ್ಣೆದುರೇ ತೇಲುತ್ತಾ ಹೋಯಿತು. ಟ್ರೆಕ್ ಮುಗಿಯುವ ಛತ್ರುವರೆಗೆ ಅವರ ಬಲಗಾಲಿಗೆ ನನ್ನ ಸ್ಯಾಂಡಲ್. ಎರಡು ಸೈಜ್ ದೊಡ್ಡದು, ದಾರಿಯುದ್ದಕ್ಕೂ ಪಟಪಟ ಸದ್ದು. "ಎಡಗಾಲಿನದು ಒಂಚೂರೂ ಒದ್ದೆ ಆಗಿಲ್ಲ ನೋಡಿ ಸಾರ್" ಅಂತ ಅವರೇ ನಗುತ್ತಿದ್ದರು.