ಜಂಬೂಸವಾರಿ ಮುಗಿದ ಮೇಲೆ ಶುರುವಾಗುವ ದಸರಾ

ವಿಜಯದಶಮಿಯ ಮಧ್ಯಾಹ್ನ ಮೈಸೂರಿನಲ್ಲಿ ಜಂಬೂಸವಾರಿ ನೋಡಿ ಬಸ್ಸು ಹತ್ತಿದರೂ ಮಡಿಕೇರಿ ದಸರಾ ತಪ್ಪುವುದಿಲ್ಲ. ದಾರಿ ಸುಮಾರು 120 ಕಿ.ಮೀ. ಅಷ್ಟೇ. ಅಲ್ಲಿ ಜನ ಮನೆಗೆ ಹೋಗಿ ಮಲಗುವ ಹೊತ್ತಿಗೆ ಇಲ್ಲಿ ಮಂಟಪಗಳು, ಅಂದರೆ ದೇವರ ಕಥೆ ಹೇಳುವ ಗೊಂಬೆಗಳ ಮೆರವಣಿಗೆ, ಬೀದಿಗೆ ಇಳಿದಿರುತ್ತವೆ. ಬೆಳಕು ಹರಿಯುವವರೆಗೂ ಊರು ಮಲಗುವುದಿಲ್ಲ.

ಹಾಗಂತ ಇದನ್ನು ಮೈಸೂರು ದಸರಾದ ತಮ್ಮ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಮಡಿಕೇರಿಯ ಕೋಟೆಯೊಳಗೂ ಅರಮನೆ ಇದೆ. ಆದರೆ ರಾಜರು ಹೋದ ಮೇಲೆ ಅಲ್ಲಿ ಸರ್ಕಾರಿ ಕಚೇರಿಗಳು ಬಂದು ಕೂತವು. ಇಲ್ಲಿನ ದಸರಾ ಹೊರಡುವುದು ಅರಮನೆಯಿಂದಲ್ಲ, ಬೀದಿಯ ದೇವಸ್ಥಾನಗಳಿಂದ. ಈ ಹಬ್ಬದ ಚೆಂದ, ಜಗಳ, ತಲೆನೋವು ಎಲ್ಲಕ್ಕೂ ಮೂಲ ಅದೇ.

ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಮಡಿಕೇರಿಯನ್ನು ರಾಜಧಾನಿ ಮಾಡಿಕೊಂಡ. ನಡುವೆ ಕೆಲವು ವರ್ಷ ಹೈದರ್, ಟಿಪ್ಪುವಿನ ಕೈಗೆ ಹೋದದ್ದು ಬಿಟ್ಟರೆ, 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜನನ್ನು ಇಳಿಸುವವರೆಗೆ ಆ ಮನೆತನವೇ ಕೊಡಗನ್ನು ಆಳಿತು. ಊರಿನ ಹಿರಿಯರ ಬಾಯಲ್ಲಿ ದಸರಾದ ಕಥೆಯೂ ರಾಜರ ಕಾಲಕ್ಕೇ ಹೋಗುತ್ತದೆ. ಊರಿಗೆ ರೋಗ ಬಡಿಯಿತು, ಜನ ಸಾಯತೊಡಗಿದರು, ಕೊನೆಗೆ ಮಾರಿಯಮ್ಮನ ಮೊರೆ ಹೋದರು. ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಕರಗ ಹೊರಡಿಸಿ ಊರು ಸುತ್ತಿಸುತ್ತೇವೆ ಎಂದು ಹರಕೆ ಹೊತ್ತರು.

ಆ ಹರಕೆ ಇವತ್ತಿಗೂ ನಡೆಯುತ್ತಿದೆ. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕೋಟೆ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ ಇವರು ಊರಿನ ನಾಲ್ಕು ಶಕ್ತಿ ದೇವತೆಗಳು. ನವರಾತ್ರಿಯ ಮೊದಲ ದಿನ ನಾಲ್ಕೂ ಕರಗಗಳು ಪಂಪಿನ ಕೆರೆಯ ಬಳಿ ಸಿಂಗಾರವಾಗಿ ಹೊರಡುತ್ತವೆ. ಮಲ್ಲಿಗೆ, ಕನಕಾಂಬರ ಸುತ್ತಿದ ಕರಗ ತಲೆ ಮೇಲೆ ಕೂತ ಮೇಲೆ ಹೊತ್ತವರ ನಡಿಗೆಯೇ ಬದಲಾಗುತ್ತದೆ. ಮುಂದಿನ ದಿನಗಳಲ್ಲಿ ಅವು ಬೀದಿ ಬೀದಿ ಸುತ್ತುತ್ತವೆ. ಬರುವ ಸುದ್ದಿ ಸಿಕ್ಕಿದರೆ ಸಾಕು, ಹೆಂಗಸರು ಬಾಗಿಲು ತೊಳೆದು ರಂಗೋಲಿ ಹಾಕಿ ಆರತಿ ತಟ್ಟೆ ಹಿಡಿದು ನಿಲ್ಲುತ್ತಾರೆ. ಪ್ರವಾಸಿಗರು ಬರುವುದು ಕೊನೆಯ ರಾತ್ರಿಗೆ ಮಾತ್ರ. ನನ್ನ ಪ್ರಕಾರ ಊರಿನವರ ಹಬ್ಬ ಇರುವುದು ಅದಕ್ಕೂ ಮುಂಚಿನ ಈ ದಿನಗಳಲ್ಲೇ.

ಕೊಡಗು ಅಂದರೆ ಕೊಡವರು ಅಂತ ಹೊರಗಿನವರಿಗೆ ಅನಿಸುವುದು ಸಹಜ. ಆದರೆ ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿ ಇವೆಲ್ಲ ಐನ್‌ಮನೆ (ಕೊಡವ ಕುಟುಂಬದ ಮೂಲಮನೆ) ಮತ್ತು ನಾಡಿನ ಜೊತೆ ಬೆಸೆದ ಹಬ್ಬಗಳು. ದಸರಾ ಪೇಟೆಯ ಹಬ್ಬ. ವ್ಯಾಪಾರಕ್ಕೆ, ನೌಕರಿಗೆ, ಕೂಲಿಗೆ ಅಂತ ಬಂದು ಇಲ್ಲೇ ನೆಲೆ ನಿಂತವರ ಮನೆಗಳಲ್ಲಿ ತಮಿಳು, ಮಲಯಾಳಂ, ತುಳು, ಕನ್ನಡ ಎಲ್ಲ ಕೇಳುತ್ತವೆ. ಮಂಟಪ ಹೊರಡಿಸುವ ಹತ್ತು ದೇವಸ್ಥಾನಗಳ ಹೆಸರಲ್ಲೇ ಅದು ಕಾಣುತ್ತದೆ: ನಾಲ್ಕು ಶಕ್ತಿ ದೇವತೆಗಳ ಜೊತೆ ಪೇಟೆ ಶ್ರೀರಾಮ ಮಂದಿರ, ದೇಚೂರು ಶ್ರೀರಾಮ ಮಂದಿರ, ಕೋದಂಡರಾಮ, ಕೋಟೆ ಮಹಾಗಣಪತಿ, ಚೌಡೇಶ್ವರಿ, ಕರವಲೆ ಭಗವತಿ.

ದಶಮಂಟಪ ಅನ್ನುವುದು ಈ ಹತ್ತನ್ನೇ. ಮಂಟಪವನ್ನು ಹೆಗಲ ಮೇಲೆ ಹೊತ್ತು, ಪೆಟ್ರೋಮ್ಯಾಕ್ಸ್ ಬೆಳಕಲ್ಲಿ ಮೆರವಣಿಗೆ ಮಾಡುತ್ತಿದ್ದ ಕಾಲವನ್ನು ಹಿರಿಯರು ನೆನೆಯುತ್ತಾರೆ. ಆಮೇಲೆ ವಾಹನ ಬಂತು, ಕರೆಂಟು ಬಂತು, ಗೊಂಬೆಗಳಿಗೆ ಚಲನೆ ಬಂತು. ಈಗ ಒಂದೊಂದು ಮಂಟಪವೂ ಟ್ರ್ಯಾಕ್ಟರುಗಳ ಮೇಲೆ ಕಟ್ಟಿದ ನಾಟಕ. ಮಹಿಷಾಸುರನೋ ರಕ್ತಬೀಜನೋ ಗಜಾಸುರನೋ ಎದ್ದು ನಿಲ್ಲುತ್ತಾನೆ, ಕಣ್ಣು ತಿರುಗಿಸುತ್ತಾನೆ, ಹೊಗೆ ಏಳುತ್ತದೆ, ದೇವಿಯ ಕೈ ಮೇಲೇರುತ್ತದೆ, ಅಸುರ ಬೀಳುತ್ತಾನೆ. ಹಿಂದೆ ಜನರೇಟರ್ ಗುಡುಗುತ್ತಿರುತ್ತದೆ. ಟ್ರ್ಯಾಕ್ಟರಿನ ಅಡಿಯಲ್ಲಿ ಯಾರೋ ಒಬ್ಬ ಹುಡುಗ ಟಾರ್ಚ್ ಕಚ್ಚಿಕೊಂಡು ಕಿತ್ತುಹೋದ ವೈರು ಸೇರಿಸುತ್ತಿರುತ್ತಾನೆ. ಮಳೆ ಹನಿದರಂತೂ ಮುಗಿಯಿತು, ಅಸುರನಿಗೂ ದೇವಿಗೂ ಒಂದೇ ಟಾರ್ಪಾಲು. ಅಕ್ಟೋಬರಿನ ಮಡಿಕೇರಿಯಲ್ಲಿ ಮಳೆ ಹೇಳಿ ಕೇಳಿ ಬರುವುದಿಲ್ಲ, ಅಲ್ವಾ?

ತೀರ್ಪುಗಾರರು ನೋಡಿ ಬಹುಮಾನ ಕೊಡುತ್ತಾರೆ. ಕಾವು ಇರುವುದೇ ಅಲ್ಲಿ. ಪಕ್ಕದ ಬೀದಿಯವರಿಗಿಂತ ನಮ್ಮದು ಒಂದು ಕೈ ಮೇಲಿರಬೇಕು ಅನ್ನುವ ಹಟದಿಂದಲೇ ಹುಡುಗರು ನಿದ್ದೆಗೆಟ್ಟು ದುಡಿಯುತ್ತಾರೆ, ಮನೆ ಮನೆಗೆ ಹೋಗಿ ಚಂದಾ ಎತ್ತುತ್ತಾರೆ. ಅದೇ ಹಟ ಸೌಂಡ್ ಬಾಕ್ಸುಗಳನ್ನೂ ಮೇಲಿಂದ ಮೇಲೆ ಪೇರಿಸಿತು. ಪಕ್ಕದವರದು ಜೋರಾದರೆ ನಮ್ಮದು ಇನ್ನೂ ಜೋರು.

ಗಲಾಟೆ ಹುಟ್ಟುವುದು ಇಲ್ಲೇ. ದೇಶದಲ್ಲಿ ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ಅದರಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಅಂತ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಮಡಿಕೇರಿಯ ಮಂಟಪಗಳಿಗೆ ರಂಗೇರುವುದೇ 12 ಗಂಟೆಯ ಮೇಲೆ! ಹಾಗಾಗಿ ಡಿಜೆ ಬೇಕೋ ಬೇಡವೋ ಅನ್ನುವ ಮಾತು ಕರಗದಷ್ಟೇ ಖಾಯಂ ಆಗಿಬಿಟ್ಟಿದೆ. ಮಲಗಲಾಗದ ವಯಸ್ಸಾದವರದು ಒಂದು ದೂರು. ಕುಣಿಯಲು ಬಂದವರ ನೂಕುನುಗ್ಗಲಲ್ಲಿ ಮಕ್ಕಳನ್ನು ಎತ್ತಿಕೊಂಡು ಬಂದವರು ಮಂಟಪವನ್ನೇ ನೋಡಲಾಗದೆ ವಾಪಸಾಗುತ್ತಾರೆ ಅನ್ನುವುದು ಇನ್ನೊಂದು.

ದುಡ್ಡಿನ ಕಥೆ ಚಿಕ್ಕದು. ದಸರಾ ಸಮಿತಿ, ದಶಮಂಟಪ ಸಮಿತಿ ಸರ್ಕಾರದ ಅನುದಾನ ಕೇಳುತ್ತವೆ, ಅದು ತಡವಾಯಿತು, ಸಾಲದು ಅನ್ನುವ ಗೊಣಗಾಟ ಇದ್ದದ್ದೇ. ಗಾಂಧಿ ಮೈದಾನದ ವೇದಿಕೆಯ ಹಾಡು ಕುಣಿತ, ಮಹಿಳಾ ದಸರಾ, ಮಕ್ಕಳ ದಸರಾ ಎಲ್ಲಕ್ಕೂ ಹಣ ಬೇಕು. ಅದರಲ್ಲಿ ಮಕ್ಕಳ ಸಂತೆಯನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳಬಾರದು. ಮನೆ ಹಿತ್ತಲಿನ ಸೊಪ್ಪು, ಹಣ್ಣು ತಂದು ಚೌಕಾಶಿಗೆ ಜಗ್ಗದೆ ಕೂತಿರುವ ಪುಟ್ಟ ವ್ಯಾಪಾರಿಗಳು ಅಲ್ಲಿ ಸಿಗುತ್ತಾರೆ.

2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮಕ್ಕಂದೂರು, ಜೋಡುಪಾಲದ ಕಡೆಯ ಜನ ಮನೆ ಕಳೆದುಕೊಂಡಾಗ ಆ ವರ್ಷದ ದಸರಾ ಸರಳವಾಯಿತು. 2020ರಲ್ಲಿ ಕೊರೊನಾ. ಆಗಲೂ ಅದ್ದೂರಿ ಬಿಟ್ಟರು, ಕರಗ ಬಿಡಲಿಲ್ಲ. ರೋಗಕ್ಕೆ ಹೆದರಿ ಹೊತ್ತ ಹರಕೆಯನ್ನು ರೋಗದ ಕಾಲದಲ್ಲಿ ಬಿಡುವುದಾದರೂ ಹೇಗೆ?

ಇಂಥ ಊರಿಗೆ ಬರೀ ಪೊಲೀಸ್ ಆದೇಶದಿಂದ ಸದ್ದು ಇಳಿಸುವುದು ಕಷ್ಟ. ಬಹುಮಾನ ಕೈತಪ್ಪುವ ಭಯ ಬೇಕಾದರೆ ಇಳಿಸೀತು. ಕಥೆಗೆ, ಗೊಂಬೆಯ ಚಲನೆಗೆ ಅಂಕ ಜಾಸ್ತಿ ಇಟ್ಟು, ಮಿತಿ ಮೀರಿದ ಸದ್ದಿಗೆ ಅಂಕ ಕಳೆದು, ಹೊತ್ತಿಗೆ ಸರಿಯಾಗಿ ಹೊರಟ ಮಂಟಪಕ್ಕೆ ಒಂದಿಷ್ಟು ಸೇರಿಸಿದರೆ ಸಾಕು. ಅದೇ ರಾತ್ರಿ ದಶಮಂಟಪ ಹೊರಡಿಸುವ ಗೋಣಿಕೊಪ್ಪದವರೂ ಇದನ್ನು ಮಾಡಬಹುದು. ಅಲ್ಲಿಯೂ ಪೈಪೋಟಿಗೇನು ಬರವಿಲ್ಲ.