ಗೇಟ್ ಎತ್ತಿದರೆ ಹೊಳೆ ತೊಳೆದುಹೋಗುತ್ತದಾ?

ಪ್ರಶ್ನೆ: ಕಾರ್ಖಾನೆ ನೀರು ಸೇರಿ ಕೆಟ್ಟಿರೋ ಹೊಳೆ, ಹಳ್ಳ ಸರಿ ಮಾಡೋಕೆ ಯಾಕೆ ಇಷ್ಟು ಖರ್ಚು, ಮೇಷ್ಟ್ರೇ? ಕಟ್ಟೆ ತುಂಬಿ ಗೇಟ್ ಎತ್ತಿದ್ರೆ ಎಲ್ಲಾ ಕೊಚ್ಕೊಂಡು ಹೋಗಲ್ವಾ?

ಕಬಿನಿ ತುಂಬಿತು ಅಂತ ಸುದ್ದಿ ಬಂದ ವಾರವೇ ಈ ಪ್ರಶ್ನೆಯೂ ಬರುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಮಂಡ್ಯ ಬಸ್ಸಿನಲ್ಲಿ ಕೇಳಿದ್ದಾರೆ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೋಗಿ ಅರ್ಧ ಉಳಿದಿದ್ದಾಗಲೂ ಕೇಳಿದ್ದಾರೆ. ಅವತ್ತು ಕತ್ತಿ ಅವರ ಕೈಲಿತ್ತು, ಸುಮ್ನೆ ಹೂಂ ಅಂದೆ. ಇವತ್ತು ಬರೆದೇ ಬಿಡುತ್ತೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕೈಗೆ ಕೊಡುವುದು.

ಈ ನಂಬಿಕೆ ಹುಟ್ಟುವುದರಲ್ಲಿ ಆಶ್ಚರ್ಯವೇನಿಲ್ಲ. ನಂಜನಗೂಡಿನಲ್ಲಿ ಹದಿನಾರು ಕಾಲು ಮಂಟಪ ಮುಳುಗಿ, ಸ್ನಾನಘಟ್ಟದ ಮೆಟ್ಟಿಲೆಲ್ಲ ಮಾಯವಾಗಿ, ಮಲ್ಲನಮೂಲೆ ಹತ್ತಿರ ರಸ್ತೆಗೂ ನೀರು ಬಂದಿರುತ್ತದೆ. ಬೇಸಿಗೆಯಲ್ಲಿ ಕಂಡ ನೊರೆ ಇಲ್ಲ, ನಾತ ಇಲ್ಲ. ಘಟ್ಟದ ಕಲ್ಲಿಗೆ ಸುತ್ತಿಕೊಂಡಿದ್ದ ಹಳೇ ಬಟ್ಟೆಯೂ ಇಲ್ಲ. ನೋಡಿದವರಿಗೆ ಹೊಳೆ ತಲೆಗೆ ನೀರು ಹಾಕಿಕೊಂಡ ಹಾಗೇ ಕಾಣುತ್ತದೆ.

ಅದರಲ್ಲಿ ಅರ್ಧ ಸತ್ಯವೂ ಇದೆ. ಕೊಳೆಯುವ ಕಸವನ್ನು ಹೊಳೆ ತಾನೇ ಜೀರ್ಣ ಮಾಡಿಕೊಳ್ಳುತ್ತದೆ. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಆಮ್ಲಜನಕ ಉಸಿರಾಡಿಕೊಂಡು ಅದನ್ನು ತಿಂದು ಮುಗಿಸುತ್ತವೆ. ಹಾಗೆ ತಿನ್ನೋಕೆ ಎಷ್ಟು ಆಮ್ಲಜನಕ ಬೇಕು ಅನ್ನುವ ಲೆಕ್ಕಕ್ಕೇ ಬಿಒಡಿ ಅನ್ನುವುದು.

ನಮ್ಮ ಕಡೆಯ ಉದಾಹರಣೆಯನ್ನೇ ತಗೊಳ್ಳಿ. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಕಾಕಂಬಿ ಉಳಿಯುತ್ತದೆ. ಕಾಕಂಬಿಯಿಂದ ಸ್ಪಿರಿಟ್ ಇಳಿಸಿದ ಮೇಲೆ ಉಳಿಯುವ ಕಾಫಿ ಬಣ್ಣದ ನೀರು ಸ್ಪೆಂಟ್ ವಾಶ್. ಸಂಸ್ಕರಿಸದೆ ಇದ್ದರೆ ಅದರ ಬಿಒಡಿ ಲೀಟರಿಗೆ 40,000ದಿಂದ 50,000 ಮಿಲಿಗ್ರಾಂ. ಕಾರ್ಖಾನೆ ನೀರನ್ನು ಹೊಳೆಗೆ ಬಿಡಬೇಕಾದರೆ ಸಾಮಾನ್ಯವಾಗಿ ಇರುವ ಮಿತಿ 30. ಹೊಳೆಯ ಒಳ್ಳೆ ನೀರಿನಲ್ಲಿ ಕರಗಿರುವ ಆಮ್ಲಜನಕವೇ ಲೀಟರಿಗೆ ಏಳೋ ಎಂಟೋ ಮಿಲಿಗ್ರಾಂ. ಭಾಗಿಸಿ ನೋಡಿ. ಒಂದು ಲೀಟರ್ ಸ್ಪೆಂಟ್ ವಾಶ್ ಸುಮಾರು 6,000 ಲೀಟರ್ ಹೊಳೆ ನೀರಿನ ಉಸಿರನ್ನು ಪೂರಾ ಎಳೆದುಬಿಡುತ್ತದೆ. ರಾತ್ರಿ ಹೊತ್ತು ಯಾರೋ 10,000 ಲೀಟರಿನ ಒಂದು ಟ್ಯಾಂಕರ್ ಖಾಲಿ ಮಾಡಿದರೆ ಆರು ಕೋಟಿ ಲೀಟರ್. ಗಾಳಿಯಿಂದ ಹೊಸ ಆಮ್ಲಜನಕ ಕರಗುತ್ತಲೇ ಇರುತ್ತದೆ, ನಿಜ. ಆದರೆ ಅಷ್ಟು ಹೊತ್ತು ಮೀನು ಉಸಿರು ಬಿಗಿಹಿಡಿದು ಕಾಯುವುದಿಲ್ಲ.

ಆದರೂ ಈ ಜಾತಿಯ ಕೊಳೆಯಿಂದ ಹೊಳೆ ಎದ್ದು ಬರಬಲ್ಲದು. ಲಂಡನ್ನಿನ ಥೇಮ್ಸ್ ನದಿಯಲ್ಲಿ ಜೀವವೇ ಉಳಿದಿಲ್ಲ ಅಂತ 1957ರಲ್ಲಿ ಹೇಳಿದ್ದರು. ಕೊಳಚೆ ನೀರಿನ ಘಟಕಗಳನ್ನು ದೊಡ್ಡದು ಮಾಡಿ ಸರಿಪಡಿಸಿದ ಮೇಲೆ ಮೀನು ವಾಪಸ್ ಬಂದವು, ಈಗ ಸೀಲುಗಳೂ ಇವೆ. ಗಮನಿಸಿ, ಪ್ರವಾಹ ಅಲ್ಲಿಗೂ ಮೊದಲಿಂದ ಬರುತ್ತಲೇ ಇತ್ತು.

ಇಷ್ಟು ಬಿಒಡಿ ಕಥೆ. ಕೊಳೆಯದೇ ಇರುವ ಕಸ ಬೇರೆ ಇದೆ. ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ, ಪಾದರಸ. ಇವು ಮೂಲಧಾತುಗಳು. ಯಾವ ಸೂಕ್ಷ್ಮಜೀವಿ ತಿಂದರೂ, ಎಷ್ಟು ಬಿಸಿಲು ಬಿದ್ದರೂ ಸೀಸ ಸೀಸವೇ. ಅದು ನೀರಿನಲ್ಲಿ ಜಾಸ್ತಿ ಹೊತ್ತು ತೇಲುವುದೂ ಇಲ್ಲ. ಜೇಡಿಯ ಸಣ್ಣ ಕಣಕ್ಕೆ ಅಂಟಿಕೊಂಡು ತಳಕ್ಕಿಳಿದು ಹೂಳಲ್ಲಿ ಕೂರುತ್ತದೆ. ಮೇಲಿನ ನೀರನ್ನು ಲ್ಯಾಬಿಗೆ ಕೊಟ್ಟು "ರಿಪೋರ್ಟ್ ಚೆನ್ನಾಗೇ ಬಂದಿದೆ" ಅನ್ನುವವರು ಹೂಳನ್ನು ಕೊಟ್ಟಿರುವುದಿಲ್ಲ.

ತಳ ಹತ್ತಿದ ಪಾಯಸದ ಪಾತ್ರೆಗೆ ಎರಡು ಬಿಂದಿಗೆ ನೀರು ಸುರಿದು ಚೆಲ್ಲಿ. ಮೇಲಿನ ಶಾವಿಗೆ ಹೋಗುತ್ತದೆ. ತಳ?

ಹೊಳೆ ಪಾತ್ರೆಯಷ್ಟು ಸರಳವಲ್ಲ, ನೀರಿನ ರಭಸಕ್ಕೆ ಹೂಳೂ ಏಳುತ್ತದೆ ಅಂತೀರಾ? ಸರಿ, ಏಳುತ್ತದೆ. ಎದ್ದಿದ್ದು ಎಲ್ಲಿಗೆ ಹೋಯಿತು? "ಕೊಚ್ಕೊಂಡು ಹೋಯ್ತು" ಅನ್ನುವವರು ಈ ಪ್ರಶ್ನೆಗೆ ಮಾತ್ರ ಸಮುದ್ರದ ಕಡೆ ಕೈ ತೋರಿಸುತ್ತಾರೆ. ಸಮುದ್ರ ದೂರ ಇದೆ ಸ್ವಾಮಿ. ನಂಜನಗೂಡಿನಿಂದ ಹೊರಟ ನೀರು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ಮುಂದೆ ತಲಕಾಡಿನ ಹತ್ತಿರ ಮಾಧವಮಂತ್ರಿ ಅಣೆಕಟ್ಟೆ, ಆಮೇಲೆ ಶಿವನಸಮುದ್ರ. ಕಟ್ಟೆ ಅಡ್ಡ ಬಂದಲ್ಲಿ, ತಿರುವಿನ ಒಳಮಗ್ಗುಲಲ್ಲಿ, ನಾಲೆಗೆ ಹೊರಳಿದಲ್ಲಿ ನೀರಿನ ರಭಸ ಇಳಿಯುತ್ತದೆ. ರಭಸ ಇಳಿದ ಕಡೆ ಹೂಳು ಕೂರುತ್ತದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಪಂಪ್ ಆಗುವುದೂ ಇದೇ ಕಾವೇರಿ ನೀರು. ಅಲ್ಲಿ ಶುದ್ಧ ಮಾಡಿಯೇ ಕಳಿಸುತ್ತಾರೆ, ಗಾಬರಿ ಬೇಡ. ನಾನು ಹೇಳುವುದು ಇಷ್ಟೇ: ನಿಮ್ಮ ಊರಿಂದ ತೊಳೆದುಹೋಗಿದ್ದು ಇನ್ನೊಬ್ಬರ ಊರಿಗೆ ಬಂದಿರುತ್ತದೆ.

ಒಂದು ಸಲ ಹುಡುಗರ ಕೈಲಿ, ಕಾರ್ಖಾನೆಗಳ ಕೆಳಗಿನ ಒಂದು ಹಳ್ಳದಿಂದ ಹೂಳು ತರಿಸಿದ್ದೆ. ಅರ್ಧ ಬಾಟಲಿ ಹೂಳು, ಅರ್ಧ ನೀರು, ಮುಚ್ಚಳ ಸಡಿಲ. ಸ್ಟಾಫ್ ರೂಮಿನ ಕಿಟಕಿಯಲ್ಲಿಟ್ಟೆ. ವಾರ ಕಳೆಯುವಷ್ಟರಲ್ಲಿ ನೀರು ತಿಳಿಯಾಯಿತು. ಹೂಳಿನ ಮೇಲ್ಗಡೆ ಬೆರಳುಗುರಿನಷ್ಟು ದಪ್ಪ ಕಂದು ಪದರ, ಅದರ ಕೆಳಗೆಲ್ಲ ಕಾಡಿಗೆ ಕಪ್ಪು. ಮುಚ್ಚಳ ಬಿಗಿದು ಒಂದೇ ಸಲ ಅಲ್ಲಾಡಿಸಿ ತೆಗೆದೆ. ಕೊಳೆತ ಮೊಟ್ಟೆ ವಾಸನೆಗೆ ಪಕ್ಕದ ಟೇಬಲ್ಲಿನ ಇತಿಹಾಸದ ಮೇಡಂ ಟಿಫನ್ ಬಾಕ್ಸ್ ಎತ್ತಿಕೊಂಡು ಎದ್ದುಹೋದರು. ಅವರು ಆ ತಿಂಗಳೆಲ್ಲ ನನ್ನ ಜೊತೆ ಮಾತಾಡಲಿಲ್ಲ, ಆದರೆ ಪಾಠ ಮಾತ್ರ ಚೆನ್ನಾಗಿ ಆಯಿತು.

ಕಂದು ಪದರಕ್ಕೆ ಆಮ್ಲಜನಕ ಸಿಗುತ್ತದೆ, ಕಪ್ಪಿಗೆ ಸಿಗುವುದಿಲ್ಲ. ಉಸಿರಿಲ್ಲದ ಆ ಕಪ್ಪು ಹೂಳಿನಲ್ಲಿ ಲೋಹಗಳು ಗಂಧಕದ ಜೊತೆ ಸೇರಿ ಗಟ್ಟಿಯಾಗಿ ಕೂತಿರುತ್ತವೆ. ಕೂತಷ್ಟು ದಿನ ತೊಂದರೆ ಕಡಿಮೆ. ಪ್ರವಾಹ ಬಂದು ಕಲಕಿದರೆ ಗಾಳಿ ತಾಗಿ ಆ ಗಂಟು ಸಡಿಲವಾಗಿ, ಒಂದಷ್ಟು ಲೋಹ ಮತ್ತೆ ನೀರಿಗೆ ಇಳಿಯಬಹುದು. ಜೊತೆಗೆ ಎದ್ದ ಕೊಳೆ ಆಮ್ಲಜನಕವನ್ನೂ ನುಂಗುತ್ತದೆ. ಕೊಳಕು ಹಳ್ಳಕ್ಕೆ ಮೊದಲ ಹೊಸ ನೀರು ಬಂದಾಗ ಮೀನು ಹೊಟ್ಟೆ ಮೇಲಾಗಿ ತೇಲುವುದಕ್ಕೆ ಇದೊಂದು ಕಾರಣ. ತೊಳೆಯೋಕೆ ಬಂದ ನೀರೇ ಅವತ್ತು ಮೀನಿನ ಜೀವ ತೆಗೆದಿರುತ್ತದೆ.

ಇಷ್ಟು ಹೇಳಿದರೂ ಒಪ್ಪದವರಿಗೆ ಮಿನಮಾಟ. ಜಪಾನಿನ ಆ ಊರಿನಲ್ಲಿ ಪಾದರಸ ಸೇರಿದ ಮೀನು ತಿಂದವರಿಗೆ ಬಂದ ರೋಗ ಬೆಳಕಿಗೆ ಬಂದಿದ್ದು 1956ರಲ್ಲಿ. ಕಾರ್ಖಾನೆ ಪಾದರಸ ಬಿಡುವುದನ್ನು ನಿಲ್ಲಿಸಿದ್ದು 1968ರಲ್ಲಿ. ದಿನಾ ಉಬ್ಬರ ಇಳಿತ ಇರುವ ಕೊಲ್ಲಿ ಅದು, ನೀರಿಗೇನು ಬರವೇ? ಆದರೂ ಪಾದರಸ ಹೂಳಲ್ಲೇ ಕೂತಿತ್ತು. 1977ರಿಂದ 1990ರವರೆಗೆ ಆ ಕೆಸರನ್ನು ಎತ್ತಿ, ಕೊಲ್ಲಿಯ ಒಂದು ಭಾಗಕ್ಕೆ ಒಡ್ಡು ಹಾಕಿ ತುಂಬಿಸಿ ಮೇಲೆ ಮಣ್ಣು ಮುಚ್ಚಿದರು. ಹೀಗೆ ಹುಟ್ಟಿದ ನೆಲವೇ 58 ಹೆಕ್ಟೇರ್.

ಹಾಗಾದರೆ ಮಾಡುವುದೇನು? ಮೊದಲು ಪೈಪ್ ಬಾಯಿ ಹುಡುಕಿ ನಿಲ್ಲಿಸಬೇಕು. ಅದು ನಿಲ್ಲದೆ ಹೂಳೆತ್ತುವುದು ನಲ್ಲಿ ತಿರುಗಿಸದೆ ನೆಲ ಒರೆಸಿದ ಹಾಗೆ. ಆಮೇಲೆ ನೀರಿನ ಜೊತೆ ಹೂಳನ್ನೂ ಪರೀಕ್ಷೆ ಮಾಡಿಸಿ, ಎತ್ತಬೇಕೋ, ಮೇಲೆ ಶುದ್ಧ ಮಣ್ಣು ಹಾಸಿ ಮುಚ್ಚಬೇಕೋ, ಅಲುಗಿಸದೆ ಬಿಡಬೇಕೋ ಅಂತ ತೀರ್ಮಾನಿಸಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಮಾಡಿದ ಪಟ್ಟಿಯಲ್ಲಿ ರಾಜ್ಯದ 17 ಕಲುಷಿತ ನದಿಭಾಗಗಳಿವೆ. ಕಾವೇರಿ, ಕಬಿನಿ, ಶಿಂಷಾ ಮೂರೂ ಅದರಲ್ಲಿವೆ. ಆ ಪಟ್ಟಿ ಮಾಡಿದ್ದು ನೀರಿನ ಬಿಒಡಿ ನೋಡಿ. ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಪಟ್ಟಿಗೆ ಬರುತ್ತದೆ. ಪಟ್ಟಿಯಿಂದ ಹೊರಗೆ ಬಂತು ಅಂದ ಮಾತ್ರಕ್ಕೆ ತಳದ ಹೂಳೂ ಶುದ್ಧವಾಯಿತು ಅಂತ ಅಲ್ಲ.

ಹೊಳೆ ಸುಧಾರಿಸುತ್ತಿದೆಯೇ ಅಂತ ನೋಡೋಕೆ ಹುಡುಗರೂ ಮಾಡಬಹುದಾದ ಕೆಲಸ ಒಂದಿದೆ. ಆಳ ಕಡಿಮೆ ಇರುವ ಕಡೆ ಒಂದು ಕಲ್ಲು ಎತ್ತಿ ತಿರುಗಿಸಿ. ಬರೀ ಕೆಂಪು ದಾರದಂಥ ಹುಳುಗಳಿದ್ದರೆ ಉಸಿರಿಲ್ಲದ ನೀರು. ಮೂರು ಬಾಲದ ಚಪ್ಪಟೆ ಮರಿಹುಳುಗಳು ಕಲ್ಲಿಗೆ ಅಂಟಿಕೊಂಡಿದ್ದರೆ ಆಮ್ಲಜನಕ ಚೆನ್ನಾಗಿದೆ. ಲೋಹದ ವಿಷಯ ಈ ಹುಳುಗಳನ್ನು ನೋಡಿ ಪೂರ್ತಿ ತಿಳಿಯುವುದಿಲ್ಲ, ಅದಕ್ಕೆ ಲ್ಯಾಬೇ ಆಗಬೇಕು.

ಇನ್ನೊಂದು ಮಾತು. ಇದನ್ನು ಯಾರೂ ಕೇಳಲಿಲ್ಲ, ಆದರೆ ಕೇಳಬೇಕಿತ್ತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗೋಡು, ಅಂದರೆ ಕೆರೆಯ ಹೂಳು, ಹೊಡೆಯುತ್ತೀರಲ್ಲ, ಟ್ರ್ಯಾಕ್ಟರುಗಟ್ಟಲೆ ಗದ್ದೆಗೆ? ಊರ ಕೆರೆಯ ಗೋಡು ಬಂಗಾರ, ನಮ್ಮಪ್ಪನೂ ಗಾಡಿ ಕಟ್ಟಿ ಹೊಡೆಸಿದವರೇ. ಕಾರ್ಖಾನೆ ನೀರು ಇಳಿದ ಕೆರೆಯ ಗೋಡು ಬೇರೆ. ಅದು ಬಿಟ್ಟಿ ಸಿಕ್ಕರೂ ಪರೀಕ್ಷೆ ಮಾಡಿಸದೆ ಗದ್ದೆಗೆ ಹಾಕಬೇಡಿ.

ಮತ್ತೆ ಜಪಾನಿಗೇ ಹೋಗಬೇಕು. ಅಲ್ಲಿನ ಜಿಂಜು ನದಿಗೆ ಗಣಿಯಿಂದ ಕ್ಯಾಡ್ಮಿಯಂ ಸೇರಿತು. ನದಿಯ ನೀರು ಗದ್ದೆಗೆ ಹೋಯಿತು, ಗದ್ದೆಯಿಂದ ಅಕ್ಕಿಗೆ. ತಿಂದವರ ಮೂಳೆ ಸಣ್ಣ ಪೆಟ್ಟಿಗೂ ಮುರಿಯುವಷ್ಟು ಮೆತ್ತಗಾಯಿತು. ರೋಗಕ್ಕೆ ಬಿದ್ದ ಹೆಸರು ಇತಾಯಿ ಇತಾಯಿ, ಅಂದರೆ "ಅಯ್ಯೋ ನೋವು". ಆಮೇಲೆ 863 ಹೆಕ್ಟೇರ್ ಜಮೀನಿನ ಮಣ್ಣು ಸರಿಪಡಿಸುವ ಕೆಲಸ ಮುಗಿದಿದ್ದು 2012ರಲ್ಲಿ. ಮೂವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಇಲ್ಲೂ ಅದೇ ಬಾಟಲಿಯ ಪಾಠ. ಗದ್ದೆಯಲ್ಲಿ ನೀರು ನಿಂತಿದ್ದಾಗ ಮಣ್ಣಿಗೆ ಉಸಿರಿಲ್ಲ, ಕ್ಯಾಡ್ಮಿಯಂ ಗಂಧಕದ ಜೊತೆ ಕಟ್ಟುಬಿದ್ದಿರುತ್ತದೆ. ಕಾಳು ಕಟ್ಟುವ ಹೊತ್ತಿಗೆ ನೀರು ಬಸಿದು ನೆಲ ಒಣಗಿಸಿದರೆ ಬಿಡುಗಡೆಯಾಗಿ ಬೇರಿಗೆ ಸಿಗುತ್ತದೆ. ಅದಕ್ಕೇ ಜಪಾನಿನಲ್ಲಿ ಅಂಥ ಗದ್ದೆಯಲ್ಲಿ ಹೊಡೆ, ಅಂದರೆ ತೆನೆ, ಬರುವ ಮುಂಚೆಯೂ ಆಮೇಲೂ ಕೆಲವು ವಾರ ನೀರು ಬಸಿಯದೆ ನಿಂತೇ ಇರುವ ಹಾಗೆ ನೋಡಿಕೊಳ್ಳುತ್ತಾರೆ.

"ನಮ್ಮ ಹತ್ತಿರ ಮಣ್ಣು ಆರೋಗ್ಯ ಕಾರ್ಡ್ ಇದೆ ಮೇಷ್ಟ್ರೇ" ಅಂತ ಈಗ ಯಾರಾದರೂ ಹೇಳುತ್ತೀರಿ. ಕಾರ್ಡ್ ತೆಗೆದು ನೋಡಿ. ಅದರಲ್ಲಿ 12 ಅಂಶಗಳಿವೆ. ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್, ಹೀಗೆ ಬೆಳೆಗೆ ಬೇಕಾದ್ದೆಲ್ಲ ಇದೆ. ಕ್ಯಾಡ್ಮಿಯಂ ಇಲ್ಲ, ಸೀಸವೂ ಇಲ್ಲ. ಗೋಡಿನ ಚೀಲ ಲ್ಯಾಬಿಗೆ ಕೊಡುವಾಗ "ಭಾರಲೋಹ ನೋಡಿ" ಅಂತ ಬೇರೆಯಾಗಿ ಬರೆದುಕೊಡಿ, ಟ್ರ್ಯಾಕ್ಟರಿಗೆ ಅಡ್ವಾನ್ಸ್ ಕೊಡುವ ಮುಂಚೆ.