ವರ್ಣರಂಜಿತ ರಾಜಕಾರಣಿ ಮೇಯರ್ ಚುನಾವಣೆಗೆ ನಿಲ್ಲಬಹುದೇ?

ಓದುಗರ ಪ್ರಶ್ನೆ: ಲಂಡನ್ ಮೇಯರ್ ಸ್ಥಾನಕ್ಕೆ ಬೋರಿಸ್ ಜಾನ್ಸನ್ ಥರದವರು ನಿಂತದ್ದು ಸರಿಯೇ? ಸದಾ ಸುದ್ದಿಯಲ್ಲಿರುವ ಮಾತಿನ ಮಲ್ಲರ ಕೈಗೆ ಅಷ್ಟು ದೊಡ್ಡ ನಗರವನ್ನು ಒಪ್ಪಿಸಬಹುದೇ? ಅಥವಾ ಮೇಯರ್ ಎಂದರೆ ಚಿನ್ನದ ಸರ ಹಾಕಿಕೊಂಡು ರಿಬ್ಬನ್ ಕತ್ತರಿಸುವವರು, ಯಾರು ಕೂತರೂ ನಡೆಯುತ್ತದೆಯೇ?

ಮೊದಲು ಚಿನ್ನದ ಸರದ ವಿಷಯ ಹೇಳುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಲಂಡನ್‌ನಲ್ಲಿ ಮೇಯರ್ ಎನ್ನಿಸಿಕೊಳ್ಳುವವರು ಒಬ್ಬರಲ್ಲ. ನಗರದಲ್ಲಿ 32 ಬರೋಗಳಿವೆ, ನಮ್ಮ ಲೆಕ್ಕದಲ್ಲಿ ಒಂದೊಂದೂ ಒಂದು ಪುರಸಭೆ ಇದ್ದ ಹಾಗೆ. ಬಹುತೇಕ ಬರೋಗಳಲ್ಲಿ ಕೌನ್ಸಿಲರುಗಳೇ ತಮ್ಮಲ್ಲೊಬ್ಬರನ್ನು ಒಂದು ವರ್ಷದ ಮಟ್ಟಿಗೆ ಮೇಯರ್ ಮಾಡುತ್ತಾರೆ. ಅದು ಗೌರವದ ಹುದ್ದೆ. ಕಲಬುರಗಿ ಜಿಲ್ಲೆಯವರಾದ ಡಾ. ನೀರಜ್ ಪಾಟೀಲ್ 2010-11ರಲ್ಲಿ ಲ್ಯಾಂಬೆತ್ ಬರೋಗೆ ಹೀಗೆಯೇ ಮೇಯರ್ ಆಗಿದ್ದರು. ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ನಿಲ್ಲಿಸಲು ಓಡಾಡಿದವರೂ ಅವರೇ.

'ಲಂಡನ್ ಮೇಯರ್' ಹುದ್ದೆಯೇ ಬೇರೆ. 1999ರ ಕಾಯ್ದೆಯಿಂದ ಹುಟ್ಟಿ, 2000ದ ಮೇ ತಿಂಗಳಲ್ಲಿ ಮೊದಲ ಚುನಾವಣೆ ಕಂಡ ಹುದ್ದೆ ಇದು. ಇಡೀ ನಗರದ ಮತದಾರರು ನೇರವಾಗಿ ಒಬ್ಬರನ್ನು ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಬಸ್ಸು, ಮೆಟ್ರೊ ಮತ್ತು ಮುಖ್ಯ ರಸ್ತೆಗಳ ಸಾರಿಗೆ ಸಂಸ್ಥೆ ಅವರ ಕೈಯಲ್ಲಿರುತ್ತದೆ. ಪೊಲೀಸ್ ವ್ಯವಸ್ಥೆಯ ಮೇಲುಸ್ತುವಾರಿ ಮತ್ತು ದೊಡ್ಡ ಕಟ್ಟಡಗಳ ಯೋಜನೆಗೆ ಒಪ್ಪಿಗೆ ಕೊಡುವುದು ಬಿಡುವುದು ಕೂಡ ಅವರದೇ. ಬಜೆಟ್ ಸಾವಿರ ಕೋಟಿ ಪೌಂಡ್‌ಗೂ ಹೆಚ್ಚು. ಕಸ, ಶಾಲೆ, ಗಲ್ಲಿ ರಸ್ತೆ ಬರೋಗಳಿಗೆ ಸೇರಿದ್ದು. ಬೆಂಗಳೂರಿನಲ್ಲಿ ಬಿಬಿಎಂಪಿಯ ಕೊನೆಯ ಕೌನ್ಸಿಲ್ ಇದ್ದಾಗ ಕಾರ್ಪೊರೇಟರುಗಳ ಜತೆ ಶಾಸಕರು, ಸಂಸದರು ಮತ ಹಾಕಿ ವರ್ಷಕ್ಕೊಬ್ಬರನ್ನು ಆರಿಸುತ್ತಿದ್ದುದನ್ನು ನೋಡಿದವರಿಗೆ ಈ ಅಧಿಕಾರದ ಅಳತೆ ತಟ್ಟನೆ ಸಿಗುವುದಿಲ್ಲ.

ಈಗ ಪ್ರಶ್ನೆಗೆ ನೇರ ಉತ್ತರ: ನಿಲ್ಲಬಹುದು, ನಿಲ್ಲಲೂ ಬೇಕು. ಲಂಡನ್ ಮೇಯರ್‌ಗೆ ಕಾನೂನು ಕೊಟ್ಟ ಅಧಿಕಾರ ಸಾಲದು. ತೆರಿಗೆ ಹಣದ ಬಹುಪಾಲು ಕೇಂದ್ರ ಸರ್ಕಾರದಿಂದ ಬರಬೇಕು, ಮೂವತ್ತೆರಡು ಬರೋಗಳನ್ನು ಒಲಿಸಬೇಕು. ಜನ ಗುರುತಿಸದ, ಪ್ರಧಾನಿ ಫೋನ್ ಎತ್ತದ ಮೇಯರ್ ಅಲ್ಲಿ ಹೆಚ್ಚೇನೂ ಮಾಡಲಾರರು. ದನಿ ದೊಡ್ಡದಿರುವುದು ಈ ಹುದ್ದೆಗೆ ನಿಜವಾದ ಅರ್ಹತೆ.

ಬೋರಿಸ್‌ಗಿಂತ ಮೊದಲೇ ಇದನ್ನು ತೋರಿಸಿಕೊಟ್ಟವರು ಕೆನ್ ಲಿವಿಂಗ್‌ಸ್ಟನ್. ಅವರೂ ಕಡಿಮೆ ವರ್ಣರಂಜಿತರಲ್ಲ. ಎಂಬತ್ತರ ದಶಕದಲ್ಲಿ ಗ್ರೇಟರ್ ಲಂಡನ್ ಕೌನ್ಸಿಲ್‌ನ ನಾಯಕರಾಗಿದ್ದಾಗ, ನಿರುದ್ಯೋಗಿಗಳ ಸಂಖ್ಯೆಯನ್ನು ದೊಡ್ಡ ಅಂಕಿಗಳಲ್ಲಿ ಬರೆಸಿ ಕೌಂಟಿ ಹಾಲ್ ಮಾಡಿನ ಮೇಲೆ ಏರಿಸಿದ್ದರು. ನದಿಯಾಚೆಯ ಪಾರ್ಲಿಮೆಂಟಿನಲ್ಲಿ ಕೂತವರ ಕಣ್ಣಿಗೆ ಅದು ದಿನವೂ ಬೀಳುತ್ತಿತ್ತು. ಮಾರ್ಗರೆಟ್ ಥ್ಯಾಚರ್ ಸರ್ಕಾರ 1986ರಲ್ಲಿ ಆ ಕೌನ್ಸಿಲನ್ನೇ ರದ್ದು ಮಾಡಿತು. 2000ದಲ್ಲಿ ಸ್ವಂತ ಪಕ್ಷ ಲೇಬರ್ ಟಿಕೆಟ್ ಕೊಡದಿದ್ದಾಗ ಲಿವಿಂಗ್‌ಸ್ಟನ್ ಪಕ್ಷೇತರರಾಗಿ ನಿಂತರು, ಗೆದ್ದರು. ಲೇಬರ್‌ನ ಅಧಿಕೃತ ಅಭ್ಯರ್ಥಿ ಮೂರನೇ ಸ್ಥಾನಕ್ಕೆ ಇಳಿದರು.

ಆ ಗೆಲುವಿನ ಬಲದಲ್ಲಿ ಅವರು ಮಾಡಿದ ಕೆಲಸವನ್ನು ನೋಡಿ. 2003ರ ಫೆಬ್ರವರಿ 17ರಂದು ನಗರದ ನಡುಭಾಗಕ್ಕೆ ಬರುವ ವಾಹನಗಳ ಮೇಲೆ ದಿನಕ್ಕೆ ಐದು ಪೌಂಡ್ ದಟ್ಟಣೆ ಶುಲ್ಕ ಹಾಕಿದರು. ಪತ್ರಿಕೆಗಳು ಊರು ನಿಂತೇಹೋಗುತ್ತದೆ ಎಂದು ಬರೆದವು. ವಾಹನ ಇರುವವರ ಸಿಟ್ಟನ್ನು ಮೈಮೇಲೆ ಎಳೆದುಕೊಳ್ಳಲು ಯಾವ ಎಚ್ಚರದ ರಾಜಕಾರಣಿಯೂ ಮುಂದಾಗುತ್ತಿರಲಿಲ್ಲ. ಮೊದಲ ವರ್ಷ ಆ ವಲಯಕ್ಕೆ ಬರುವ ವಾಹನಗಳು ಶೇ 18ರಷ್ಟು ಇಳಿದವು, 2004ರಲ್ಲಿ ಲಿವಿಂಗ್‌ಸ್ಟನ್ ಮತ್ತೆ ಗೆದ್ದರು, ಈ ಸಲ ಲೇಬರ್ ಟಿಕೆಟ್ಟಿನಲ್ಲೇ. ಜನಪ್ರಿಯತೆಯನ್ನು ಜನ ಒಪ್ಪದ ಒಂದು ಒಳ್ಳೆಯ ಕೆಲಸಕ್ಕೆ ಖರ್ಚು ಮಾಡಿದ ನಾಯಕ ಎಂದು ನಾನು ಅವರನ್ನು ಗೌರವಿಸುತ್ತೇನೆ.

ಇನ್ನು ಬೋರಿಸ್. ಹೆನ್ಲಿ ಕ್ಷೇತ್ರದ ಸಂಸದ, 'ಸ್ಪೆಕ್ಟೇಟರ್' ವಾರಪತ್ರಿಕೆಯ ಮಾಜಿ ಸಂಪಾದಕ, ಟಿವಿಯ ಹಾಸ್ಯ ಕಾರ್ಯಕ್ರಮಗಳಿಂದ ಮನೆಮಾತಾದವರು. 2008ರಲ್ಲಿ ಲಿವಿಂಗ್‌ಸ್ಟನ್‌ರನ್ನೇ ಸೋಲಿಸಿದರು. ಆಡಳಿತದ ಅನುಭವ ಇರಲಿಲ್ಲ, ಆದರೆ ಅನುಭವಸ್ಥರನ್ನು ಜತೆಗಿಟ್ಟುಕೊಂಡರು. ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲನ್ನು ನಡೆಸಿದ್ದ ಸೈಮನ್ ಮಿಲ್ಟನ್ ಉಪಮೇಯರಾಗಿ ದಿನನಿತ್ಯದ ಭಾರ ಹೊತ್ತರು. ಸಾರಿಗೆ ಸಂಸ್ಥೆಯ ಮುಖ್ಯಸ್ಥ ಪೀಟರ್ ಹೆಂಡಿ ಹಿಂದಿನ ಮೇಯರ್ ಕಾಲದವರು, ಅವರನ್ನೂ ಬದಲಿಸಲಿಲ್ಲ. 2010ರ ಜುಲೈನಲ್ಲಿ ಶುರುವಾದ ಬಾಡಿಗೆ ಸೈಕಲ್ ಯೋಜನೆಗೆ ಜನ 'ಬೋರಿಸ್ ಬೈಕ್' ಎಂದೇ ಹೆಸರಿಟ್ಟರು. ಅದರ ತಯಾರಿ ಲಿವಿಂಗ್‌ಸ್ಟನ್ ಕಾಲದಲ್ಲೇ ಆರಂಭವಾಗಿತ್ತು, ಹೆಸರು ಮಾತ್ರ ಬೋರಿಸ್‌ಗೆ ಹೋಯಿತು.

2012ರ ಒಲಿಂಪಿಕ್ಸ್ ಹೊತ್ತಿನಲ್ಲಿ ವಿಕ್ಟೋರಿಯಾ ಪಾರ್ಕಿನಲ್ಲಿ ತಂತಿಯ ಮೇಲೆ ಜಾರುತ್ತ ಬರುವಾಗ ಅವರು ನಡುವೆಯೇ ಸಿಕ್ಕಿಬಿದ್ದರು. ಸೂಟು, ತಲೆಗೆ ನೀಲಿ ಹೆಲ್ಮೆಟ್ಟು, ಎರಡೂ ಕೈಯಲ್ಲಿ ಪುಟ್ಟ ಬ್ರಿಟಿಷ್ ಧ್ವಜ, ಕೆಳಗೆ ಮೊಬೈಲ್ ಹಿಡಿದ ಜನ. ಬೇರೆ ಯಾರೇ ಆಗಿದ್ದರೂ ಮಾನ ಹೋಗುತ್ತಿತ್ತು, ಅವರ ಜನಪ್ರಿಯತೆ ಏರಿತು. ಅಪಾಯ ಇರುವುದು ಇಲ್ಲಿಯೇ. ತಪ್ಪನ್ನೂ ನಕ್ಕು ಮರೆಸಬಲ್ಲವರಿಗೆ 'ಬೇಡ' ಎನ್ನುವವರು ಸುತ್ತ ಕಡಿಮೆಯಾಗುತ್ತಾರೆ.

ಅದರ ಬೆಲೆ ಲೆಕ್ಕಪತ್ರದಲ್ಲಿದೆ. ಥೇಮ್ಸ್ ಮೇಲೆ ಗಿಡಮರಗಳ ಸೇತುವೆ ಕಟ್ಟುವ ಯೋಜನೆಗೆ 5.3 ಕೋಟಿ ಪೌಂಡ್ ಕರಗಿತು, ಅದರಲ್ಲಿ 4.3 ಕೋಟಿ ಸಾರ್ವಜನಿಕ ಹಣ. ಸೇತುವೆಯ ಕಾಮಗಾರಿ ಶುರುವೇ ಆಗಲಿಲ್ಲ, 2017ರಲ್ಲಿ ಯೋಜನೆ ಕೈಬಿಟ್ಟರು. ಗಲಭೆ ತಡೆಯಲೆಂದು ಜರ್ಮನಿಯ ಪೊಲೀಸರಿಂದ ಮೂರು ಹಳೆಯ ಜಲಫಿರಂಗಿ ವಾಹನ ತರಿಸಿದರು, ಬಳಕೆಗೆ ಅನುಮತಿ ಸಿಗುವ ಮೊದಲೇ. ಖರ್ಚು 3 ಲಕ್ಷ ಪೌಂಡ್ ದಾಟಿತು. 2015ರಲ್ಲಿ ಗೃಹ ಸಚಿವೆ ತೆರೇಸಾ ಮೇ ಅನುಮತಿ ನಿರಾಕರಿಸಿದರು. ಒಂದು ದಿನವೂ ರಸ್ತೆಗಿಳಿಯದ ಆ ವಾಹನಗಳು 2018ರಲ್ಲಿ 11,025 ಪೌಂಡ್‌ಗೆ ಗುಜರಿಗೆ ಹೋದವು. ಇದು ಬಸ್ ಚಾರ್ಜು ಕೊಡುವ ಜನರ ದುಡ್ಡು ಎಂಬುದು ನನಗೆ ಇವತ್ತಿಗೂ ನೋವಿನ ಸಂಗತಿ.

ಆದ್ದರಿಂದ ಇಂಥ ಅಭ್ಯರ್ಥಿ ಎದುರಿಗೆ ಬಂದಾಗ ಅವರ ತಮಾಷೆ, ವೇಷಭೂಷಣದ ಚರ್ಚೆ ಬಿಡಿ. ದಿನಾ ಕಡತ ನೋಡುವವರು ಯಾರು, ಹೆಸರು ಹೇಳಿ ಎಂದು ಕೇಳಿ. ಜನ ಸಿಟ್ಟಾಗುವ ಯಾವ ಕೆಲಸಕ್ಕೆ ನಿಮ್ಮ ಜನಪ್ರಿಯತೆ ಬಳಸುತ್ತೀರಿ ಎಂದು ಕೇಳಿ. ಅವಧಿ ಮುಗಿಯುವವರೆಗೆ ಇದೊಂದೇ ಕೆಲಸವೇ ಎಂದೂ ಕೇಳಬೇಕು. 2015ರಲ್ಲಿ ಬೋರಿಸ್ ಮತ್ತೆ ಸಂಸದರಾಗಿ, ಒಂದು ವರ್ಷ ಎರಡೂ ಕುರ್ಚಿ ಇಟ್ಟುಕೊಂಡರು. ಲಿವಿಂಗ್‌ಸ್ಟನ್ ಕೂಡ ಮೊದಲ ವರ್ಷ ಸಂಸದರಾಗಿಯೇ ಇದ್ದರು. ಎರಡೂ ತಪ್ಪು ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ವಿಷಯ, ಇದನ್ನು ಹೆಚ್ಚಿನವರು ಗಮನಿಸಿಲ್ಲ. 2021ರವರೆಗೂ ಲಂಡನ್ ಮತದಾರರು ಮೊದಲ ಆಯ್ಕೆ, ಎರಡನೇ ಆಯ್ಕೆ ಎಂದು ಎರಡು ಗುರುತು ಹಾಕಬಹುದಿತ್ತು. ಮೊದಲ ಎಣಿಕೆಯಲ್ಲಿ ಯಾರೂ ಅರ್ಧ ದಾಟದಿದ್ದರೆ ಎರಡನೇ ಆಯ್ಕೆಗಳನ್ನು ಕೂಡಿಸುತ್ತಿದ್ದರು. 2008ರಲ್ಲಿ ಬೋರಿಸ್ ಗೆದ್ದದ್ದೂ ಹಾಗೆಯೇ, 11,68,738 ಮತಗಳು, ಲಿವಿಂಗ್‌ಸ್ಟನ್‌ಗೆ 10,28,966. ಅಂದರೆ ಅಬ್ಬರದ ಅಭ್ಯರ್ಥಿ ಕೂಡ ತನ್ನನ್ನು ಮೊದಲು ಆರಿಸದವರ ಮನಸ್ಸನ್ನು ಅಷ್ಟಿಷ್ಟಾದರೂ ಗೆಲ್ಲಬೇಕಿತ್ತು. 2024ರ ಚುನಾವಣೆಗೆ ಆ ಪದ್ಧತಿ ತೆಗೆದು, ನಮ್ಮ ವಿಧಾನಸಭಾ ಚುನಾವಣೆಯ ಹಾಗೆ ಹೆಚ್ಚು ಮತ ಪಡೆದವರೇ ಗೆದ್ದಂತೆ ಎಂದು ಮಾಡಿದರು. ಈ ಲೆಕ್ಕದಲ್ಲಿ ಕಟ್ಟಾ ಅಭಿಮಾನಿಗಳ ಒಂದು ಗುಂಪು ಸಾಕು, ಉಳಿದವರು ಹಂಚಿಹೋದರೆ ಮೂರನೇ ಒಂದು ಪಾಲು ಮತದಲ್ಲೂ ನಗರ ಕೈಸೇರುತ್ತದೆ. ವರ್ಣರಂಜಿತ ರಾಜಕಾರಣಿ ನಿಲ್ಲುವುದಕ್ಕಿಂತ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಈ ಬದಲಾವಣೆ.